ಬುದ್ಧಿ ಆಮೇಲೆ ಹೇಳಿ, ಮೊದಲು ಮೈ ತಣ್ಣಗಾಗಲಿ

ಪ್ರಶ್ನೆ: ನಮ್ಮ ಮನೆಯವರು ಕಾರವಾರದಿಂದ ಕುಮಟಾಕ್ಕೆ ಮೀನಿನ ಟೆಂಪೋ ಓಡಿಸುತ್ತಾರೆ. 2024ರಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದಾಗ ಸ್ವಲ್ಪದರಲ್ಲಿ ಪಾರಾದರು. ಈಗಲೂ ಮಳೆ ಜೋರಾದರೆ ಕೈ ನಡುಗುತ್ತದೆ. ನಾಲ್ಕು ಸಲ ಕೌನ್ಸೆಲಿಂಗ್‌ಗೆ ಹೋದೆವು. ‘ಧೈರ್ಯ ತಂದುಕೊಳ್ಳಿ, ಒಳ್ಳೆಯದನ್ನೇ ಯೋಚಿಸಿ’ ಅಂದರು. ಬೇಸಿಗೆಯಲ್ಲಿ ಸರಿಯಿದ್ದರು, ಜೂನ್ ಬಂದ ಕೂಡಲೇ ಮತ್ತೆ ಅದೇ. ನೀವಾದರೂ ಬುದ್ಧಿ ಹೇಳುತ್ತೀರಾ? (ಅಂಕೋಲಾ)

ಉತ್ತರ: ಇಲ್ಲಮ್ಮ, ಹೇಳುವುದಿಲ್ಲ. ‘ನೀವಾದರೂ ಬುದ್ಧಿ ಹೇಳಿ’ ಎಂಬ ಮಾತು ಇಲ್ಲದ ಪತ್ರವೇ ನನಗೆ ಬರುವುದಿಲ್ಲ. ಬುದ್ಧಿ ಹೇಳುವುದಕ್ಕೆ ಮನೆಯವರಿದ್ದಾರೆ, ಊರಿನವರಿದ್ದಾರೆ. ಕೌನ್ಸೆಲಿಂಗ್ ಬೇರೆಯೇ ಕೆಲಸ.

ಮೆದುಳಿನ ಒಳಗೆ ಎಡಕ್ಕೊಂದು, ಬಲಕ್ಕೊಂದು ಬಾದಾಮಿಯಂಥ ಭಾಗಗಳಿವೆ. ಹೆಸರು ಅಮಿಗ್ಡಾಲಾ. ಅಪಾಯದ ಸುಳಿವು ಸಿಕ್ಕರೆ ಸಾಕು, ನಮಗೆ ವಿಷಯ ಅರ್ಥವಾಗುವ ಮೊದಲೇ ಅದು ಮೈಯನ್ನು ಎಬ್ಬಿಸುತ್ತದೆ. ಎದೆ ಹೊಡೆದುಕೊಳ್ಳುತ್ತದೆ, ಕೈ ನಡುಗುತ್ತದೆ. ಹಣೆಯ ಹಿಂದಿನ ಭಾಗ ಅಳೆದು ತೂಗಿ ಯೋಚಿಸುವಂಥದ್ದು. ಆ ಹೊತ್ತಿಗೆ ಅದರ ಹಿಡಿತ ಸಡಿಲವಾಗಿರುತ್ತದೆ. ಆಗ ಹೇಳಿದ ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ಅದು ಹಟವೂ ಅಲ್ಲ, ಹೇಡಿತನವೂ ಅಲ್ಲ.

ಹಾಗಾಗಿ ಮೊದಲು ಮೈಗೆ ಸಮಾಧಾನ. ಗಾಡಿಯನ್ನು ಗುಡ್ಡದ ಬುಡದಿಂದ ದೂರ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಲಿ. ಉಸಿರು ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಗೆ ಬಿಡಲಿ, ಎದೆಬಡಿತ ಇಳಿಯುತ್ತದೆ. ‘ನನಗೆ ಈಗ ಹೆದರಿಕೆ ಆಗ್ತಾ ಇದೆ’ ಎಂದು ಬಾಯಿ ಬಿಟ್ಟು ಹೇಳಲಿ. ಭಾವನೆಗೆ ಹೆಸರಿಟ್ಟಾಗ ಅಮಿಗ್ಡಾಲಾದ ಅಬ್ಬರ ಕಡಿಮೆಯಾಗುವುದು ಮೆದುಳಿನ ಸ್ಕ್ಯಾನ್‌ಗಳಲ್ಲಿ ಕಂಡಿದೆ. ‘ಗಂಡಸಾಗಿ ಹೆದರ್ತೀರಾ’ ಎಂದು ಯಾರೂ ಅನ್ನಬೇಡಿ, ದಯವಿಟ್ಟು.

ಇನ್ನು, ಜೂನ್‌ನಲ್ಲಿ ಯಾಕೆ ಮರಳಿತು? ಹೆದರಿಕೆಯ ನೆನಪು ಸಾಮಾನ್ಯವಾಗಿ ಅಳಿಸಿ ಹೋಗುವುದಿಲ್ಲ. ‘ಇಲ್ಲಿ ಈಗ ಅಪಾಯವಿಲ್ಲ’ ಎಂಬ ಹೊಸ ಕಲಿಕೆ ಅದರ ಮೇಲೆ ಕೂರುತ್ತದೆ ಅಷ್ಟೇ. ಈ ಹೊಸ ಕಲಿಕೆ ಕಲಿತ ಜಾಗಕ್ಕೆ ಅಂಟಿಕೊಂಡಿರುತ್ತದೆ. ಬಿಸಿಲಿನಲ್ಲಿ, ಫ್ಯಾನಿನ ಕೆಳಗೆ ಕೂತು ಕಲಿತದ್ದು ಮಳೆಯಲ್ಲಿ, ಶಿರೂರಿನ ಗಂಗಾವಳಿ ನದಿಯ ದಂಡೆಯಲ್ಲಿ ಕೈಕೊಡುತ್ತದೆ. ಅದಕ್ಕೇ ಸ್ವಲ್ಪ ಸ್ವಲ್ಪವಾಗಿ ಮಳೆಯನ್ನೂ ರಸ್ತೆಯನ್ನೂ ಚಿಕಿತ್ಸೆಯೊಳಗೆ ತರಬೇಕು. ಮೊದಲು ಮನೆಯಲ್ಲಿ ಮಳೆಯ ಸದ್ದು ಕೇಳುವುದು. ಆಮೇಲೆ ತುಂತುರು ಮಳೆಯಲ್ಲಿ ಬಸ್ಸಿನಲ್ಲಿ ಜೊತೆಗೆ ಹೋಗಿ ಬರುವುದು. ಸ್ಟಿಯರಿಂಗ್ ಕೊನೆಗೆ. ಇದನ್ನೆಲ್ಲ ತಿಳಿದವರ ಜೊತೆಯಲ್ಲೇ ಮಾಡಿ. ಆರೆಂಜ್ ಅಥವಾ ರೆಡ್ ಅಲರ್ಟ್ ದಿನ ಖಂಡಿತ ಬೇಡ. ಆ ದಿನದ ಹೆದರಿಕೆ ಸರಿಯಾದದ್ದೇ, ಅಲ್ವಾ?

ರಾತ್ರಿ ನಿದ್ದೆ ಇಲ್ಲ, ಅದೇ ಕನಸು, ಕುಡಿತ ಜಾಸ್ತಿಯಾಗಿದೆ ಎಂದಾದರೆ ತಡಮಾಡದೆ ಮನೋವೈದ್ಯರ ಹತ್ತಿರ ಹೋಗಿ. ಥೈರಾಯ್ಡ್ ಕೂಡ ಒಮ್ಮೆ ನೋಡಿಸಿ, ಅದು ಹೆಚ್ಚಾದರೂ ಕೈ ನಡುಗುತ್ತದೆ. ಕೈ ಹತೋಟಿಗೆ ಬರುವ ತನಕ ಮಳೆಗಾಲದ ಟ್ರಿಪ್ಪುಗಳನ್ನು ಬೇರೆಯವರಿಗೆ ಬಿಡಿ. ದುಡಿಮೆಗೆ ಹೊಡೆತ ಬೀಳುತ್ತದೆ, ಗೊತ್ತು. ಆದರೂ ನಾನು ಇದನ್ನೇ ಹೇಳುತ್ತೇನೆ.

ಪ್ರಶ್ನೆ: ಗಾಳಿ ಸೋಕಿದೆ ಅಂತಾರೆ. ತಾಯಿತ ಕಟ್ಟಿಸಲಾ? (ಹೊನ್ನಾವರ)

ಸಮಾಧಾನ ಸಿಗುತ್ತದೆಂದರೆ ಕಟ್ಟಿಸಿ. ಆದರೆ ಮೆಣಸಿನ ಹೊಗೆ ಹಾಕುವ, ಬೆತ್ತದಲ್ಲಿ ಹೊಡೆಯುವ ಮನುಷ್ಯನ ಬಾಗಿಲು ತುಳಿಯಬೇಡಿ. ಹೆದರಿದವರನ್ನು ಹೊಡೆದರೆ ಇನ್ನೊಂದು ಹೆದರಿಕೆ ಸೇರಿಕೊಳ್ಳುತ್ತದೆ.

ಪ್ರಶ್ನೆ: ಮಗನಿಗೆ ‘ಮಿಡ್‌ಬ್ರೈನ್ ಆಕ್ಟಿವೇಷನ್’ ಕೋರ್ಸ್ ಮಾಡಿಸಬಹುದಾ? ಕಣ್ಣಿಗೆ ಪಟ್ಟಿ ಕಟ್ಟಿ ಓದಿಸುತ್ತಾರೆ. (ಶಿರಸಿ)

ಮೋಸ. ಮಕ್ಕಳು ಮೂಗಿನ ಪಕ್ಕದ ಸಂದಿಯಿಂದ ನೋಡುತ್ತಾರೆ. ಫೀಸು ಕಟ್ಟಬೇಡಿ.

ಪ್ರಶ್ನೆ: ಸ್ಕ್ಯಾನ್ ಮಾಡಿಸಿದರೆ ಸಿಟ್ಟಿನ ಕಾರಣ ತಿಳಿಯುತ್ತದಾ? (ಭಟ್ಕಳ)

ಸುಮ್ನೆ ಸಿಟ್ಟಿಗೆಂದು ಸ್ಕ್ಯಾನ್ ಬೇಡ.

ಪ್ರಶ್ನೆ: ಕೌನ್ಸೆಲರ್ ಬದಲು ಲೈಫ್ ಕೋಚ್ ಹತ್ತಿರ ಹೋಗಬಹುದಾ? (ಕಾರವಾರ)

ಕೆಲಸ, ಗುರಿ, ದಿನಚರಿಯ ವಿಷಯಕ್ಕೆ ಹೋಗಿ. ಆದರೆ ಏನು ಓದಿದ್ದಾರೆಂದು ಮೊದಲು ಕೇಳಿ, ಆ ಬೋರ್ಡನ್ನು ಯಾರು ಬೇಕಾದರೂ ಹಾಕಿಕೊಳ್ಳಬಹುದು. ಸಾಯುವ ಯೋಚನೆ ಬರುತ್ತಿದ್ದರೆ ಕೋಚ್ ಬೇಡವೇ ಬೇಡ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಈಗಲೇ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.