ಕಾಯಿಲೆ ಬಿದ್ದ ಗೆಳೆಯನ ಪಕ್ಕ ಕೂತು 'ಆನಂದ್' ನೋಡಬಹುದಾ?

ನೀವು ಕೇಳಿದ್ದು ಇಷ್ಟು. ಕೊಪ್ಪಳದಲ್ಲಿರುವ ನಿಮ್ಮ ಗೆಳೆಯನಿಗೆ ಲಿವರ್ ಕ್ಯಾನ್ಸರ್, ಇನ್ನು ಕೆಲವೇ ತಿಂಗಳು ಅಂತ ಡಾಕ್ಟರು ಹೇಳಿದ್ದಾರೆ, 'ಆನಂದ್' ಥರ ನಗಿಸುತ್ತಲೇ ಅಳಿಸುವ ಗೆಳೆತನದ ಸಿನಿಮಾಗಳನ್ನು ಅವನ ಜೊತೆ ಕೂತು ನೋಡಬಹುದಾ, ನೋಡುವುದಾದರೆ ಯಾವುದು. ನೋಡಬಹುದು. ನಾನು ನೋಡಿದ್ದೇನೆ. ಆದರೆ ನೀವು ಒಂದು ವಿಷಯ ಬರೆದಿಲ್ಲ: ನಿಮ್ಮ ಗೆಳೆಯನಿಗೆ ತನ್ನ ಕಾಯಿಲೆ ಏನು ಅಂತ ಗೊತ್ತಾ? ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಊರಿಗೆಲ್ಲ ಗೊತ್ತಿರುತ್ತೆ, ಕಾಯಿಲೆ ಬಂದವನಿಗೆ ಮಾತ್ರ ಹೇಳಿರುವುದಿಲ್ಲ.

ನಾನು ಬಳ್ಳಾರಿಯವನು. ಕೌಲ್ ಬಜಾರಿನ ಒಂದು ಜೀನ್ಸ್ ಯೂನಿಟ್ಟಿನಲ್ಲಿ ನಾನು ಹೊಲಿಗೆಗಿದ್ದೆ, ನನ್ನ ಗೆಳೆಯ ಕಟಿಂಗ್ ಮಾಸ್ಟರ್. ಹದಿನಾರು ವರ್ಷ ಒಟ್ಟಿಗೆ ಮಿರ್ಚಿ-ಮಂಡಕ್ಕಿ ತಿಂದವರು. ಅವನಿಗೆ ಗುಟ್ಕಾ ಚಟ ಇತ್ತು. ಕೆನ್ನೆಯ ಒಳಗೆ ಬಿಳಿ ಕಲೆ, ಆಮೇಲೆ ವಾಸಿಯಾಗದ ಹುಣ್ಣು, ಆಮೇಲೆ ಬಯಾಪ್ಸಿ. ರಿಪೋರ್ಟು ಇಂಗ್ಲಿಷಿನಲ್ಲಿತ್ತು, ಅವನಿಗೆ ಇಂಗ್ಲಿಷ್ ಬರಲ್ಲ. ಅವರ ಅಣ್ಣ ನನ್ನನ್ನು ಹೊರಗೆ ಕರೆದು "ಅವಂಗ ಹೇಳಬ್ಯಾಡಪ್ಪ, ಗಡ್ಡಿ ತೆಗೀತಾರ ಅಷ್ಟ ಅಂತ ಹೇಳೀವಿ" ಅಂದರು. ನಾನು ಹೂಂ ಅಂದೆ. ಅವತ್ತು ಹೂಂ ಅನ್ನಬಾರದಿತ್ತು.

ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟು ಬೆಂಗಳೂರಿಗೆ ಹೋದೆವು. ಆಪರೇಷನ್ ಆಯ್ತು. ಮಾತು ನಿಂತುಹೋಯ್ತು, ಮೂಗಿನಲ್ಲಿ ಪೈಪು ಹಾಕಿದರು, ಗಂಜಿ, ರಾಗಿ ನೀರು, ಹಾಲು ಎಲ್ಲ ಅದರಲ್ಲೇ. ಮಾತಾಡಲು ಅವನ ಮಗಳ ಪಾಟಿ ತಂದುಕೊಟ್ಟೆವು. ಅವನು ಆ ಪಾಟಿಯ ಮೇಲೆ ಬರೆದ ಮೊದಲ ಉದ್ದನೆಯ ಮಾತು ನನಗೆ ಇವತ್ತಿಗೂ ಹಾಗೇ ನೆನಪಿದೆ: "ಆಸ್ಪತ್ರಿ ಬೋರ್ಡಿನ ಮ್ಯಾಲೆ ಕ್ಯಾನ್ಸರ್ ಅಂತ ಕನ್ನಡದಾಗ ಬರದೈತಿ. ನಾನು ಓದಂಗಿಲ್ಲೇನು?" ನಾವೆಲ್ಲ ಆ ಬೋರ್ಡಿನ ಕೆಳಗೇ ನಿಂತು ಒಂದೂವರೆ ತಿಂಗಳು ಅವನಿಗೆ ಸುಳ್ಳು ಹೇಳಿದ್ದೆವು. ನಾನು ಅಲ್ಲೇ ಕೂತು ಅತ್ತೆ. ಅವನು ಒರೆಸಿ ಮತ್ತೆ ಬರೆದ: "ನಾ ನಿಂಗ ಕೊಡಬೇಕಾದ ರೊಕ್ಕ ಇನ್ನ ಕೇಳಬ್ಯಾಡ." ಆಪರೇಷನ್ ಆದಮೇಲೆ ಅವನು ಮಾಡಿದ ಮೊದಲ ತಮಾಷೆ ಅದು. ಎಲ್ಲರೂ ಸುಳ್ಳು ಬಿಟ್ಟಮೇಲೆ ಬಂದ ತಮಾಷೆ.

ಇದನ್ನು ಇಷ್ಟು ಉದ್ದ ಯಾಕೆ ಹೇಳಿದೆ ಅಂದರೆ, ನೀವು ಕೇಳುವ ಥರದ ಸಿನಿಮಾಗಳು ನಿಂತಿರುವುದೇ ಇದರ ಮೇಲೆ. 1971ರ 'ಆನಂದ್' ನೋಡಿ. ಹೃಷಿಕೇಶ್ ಮುಖರ್ಜಿ ಸಿನಿಮಾ ಶುರು ಮಾಡುವುದೇ ಆನಂದ್ ತೀರಿಕೊಂಡ ಮೇಲೆ. ಡಾಕ್ಟರ್ ಭಾಸ್ಕರ್, ಅಂದರೆ ಅಮಿತಾಭ್ ಬಚ್ಚನ್, ಆನಂದ್ ಬಗ್ಗೆ ಬರೆದ ಪುಸ್ತಕಕ್ಕೆ ಬಹುಮಾನ ತಗೋತಾನೆ, ಅಲ್ಲಿಂದ ಕತೆ ಹಿಂದಕ್ಕೆ ಹೋಗುತ್ತೆ. ಅಂದರೆ ನೋಡುವ ನಮಗೂ ಗೊತ್ತು, ಡಾಕ್ಟರಿಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ರಾಜೇಶ್ ಖನ್ನಾ ಮಾಡಿದ ಆನಂದ್‌ಗೆ ಗೊತ್ತು. ತನ್ನ ಕರುಳಿನ ಕಾಯಿಲೆಯ ಉದ್ದನೆಯ ಇಂಗ್ಲಿಷ್ ಹೆಸರನ್ನೇ ಅವನು ತಮಾಷೆ ಮಾಡ್ತಾನೆ. ಅವನೂ ಡಾಕ್ಟರೂ ಒಬ್ಬರಿಂದೊಬ್ಬರು ಮುಚ್ಚಿಡುತ್ತಿಲ್ಲ, ಅದಕ್ಕೇ ಅಲ್ಲಿ ನಗುವಿಗೆ ಜಾಗ ಸಿಗುತ್ತೆ. ಅದೇ ಸಿನಿಮಾವನ್ನು ವಿಷಯ ಮುಚ್ಚಿಟ್ಟ ಮನೆಯಲ್ಲಿ ಹಾಕಿ ನೋಡಿ, ಎಲ್ಲರೂ ಟಿವಿ ಬಿಟ್ಟು ಅವನ ಮುಖವನ್ನೇ ಕದ್ದು ನೋಡುತ್ತಾ ಕೂರ್ತಾರೆ. ಅದು ಹಿಂಸೆ. ಅವನಿಗೆ ಗೊತ್ತಿಲ್ಲದಿದ್ದರೆ ಸಿನಿಮಾ ಸದ್ಯಕ್ಕೆ ಬಿಡಿ. ಮೊದಲು ಮನೆಯವರ ಜೊತೆ, ಡಾಕ್ಟರ ಜೊತೆ ಕೂತು ಮಾತಾಡಿ. ಅವನು ಏನು ತಿಳಿದುಕೊಂಡಿದ್ದಾನೆ, ಎಷ್ಟು ತಿಳಿಯಬೇಕು ಅಂತ ಅವನಿಗೆ ಇಷ್ಟವಿದೆ ಅನ್ನುವುದನ್ನು ಅವನನ್ನೇ ಕೇಳಿ.

ಇನ್ನೊಂದು ಮಾತು. ಇಂಥ ಸಿನಿಮಾಗಳಲ್ಲಿ ಕಾಯಿಲೆ ಮುಖಕ್ಕೆ ಬರುವುದೇ ಇಲ್ಲ, ಗಮನಿಸಿದ್ದೀರಾ? ಕರುಳಲ್ಲಿ ಬರುತ್ತೆ, ರಕ್ತದಲ್ಲಿ ಬರುತ್ತೆ, 2003ರ 'ಕಲ್ ಹೋ ನಾ ಹೋ'ನಲ್ಲಿ ಹೃದಯಕ್ಕೆ ಬರುತ್ತೆ. ಹೀರೋ ಕೊನೆತನಕ ಚೆಂದ ಇರ್ತಾನೆ, ಬಾಯಿ ತುಂಬ ನಗ್ತಾನೆ. ನನ್ನ ಗೆಳೆಯನಿಗೆ ಆಪರೇಷನ್ ಆದಮೇಲೆ ಕರೆಂಟ್ ಕೊಟ್ಟರು, ರೇಡಿಯೇಷನ್‌ಗೆ ನಮ್ಮ ಜನ ಹಾಗೇ ಅನ್ನೋದು. ಮುಖದ ಅಳತೆಗೆ ಪ್ಲಾಸ್ಟಿಕ್ ಮಾಸ್ಕ್ ಮಾಡಿ, ತಲೆ ಅಲ್ಲಾಡದ ಹಾಗೆ ಟೇಬಲ್ಲಿಗೆ ಬಿಗಿದು, ವಾರಕ್ಕೆ ಐದು ದಿನದಂತೆ ಆರು ವಾರ. ಬಾಯೆಲ್ಲ ಹುಣ್ಣು, ಉಗುಳು ಒಣಗಿ ಅಂಟಂಟು, ದವಡೆ ಬಿಗಿದುಕೊಂಡು ಒಂದು ಬೆರಳು ಹೋಗುವಷ್ಟೇ ಬಾಯಿ ತೆರೆಯುತ್ತಿತ್ತು. ಸರಿಯಿರುವ ಬಾಯಲ್ಲಿ ಮೂರು ಬೆರಳು ಒಂದರ ಮೇಲೊಂದು ಹಿಡಿಸುತ್ತವೆ. ಅವನು ನಗುತ್ತಿದ್ದಾನೆ ಅಂತ ಗೊತ್ತಾಗಬೇಕಾದರೆ ಕಣ್ಣು ನೋಡಬೇಕಿತ್ತು, ಇಲ್ಲ ಭುಜ ನೋಡಬೇಕಿತ್ತು. ಒಂದೊಂದು ದಿನ ಯಾವ ತಮಾಷೆಯೂ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗುತ್ತಿದ್ದ. ಸಿನಿಮಾದವನ ಥರ ನಿಮ್ಮ ಗೆಳೆಯ ದಿನವೂ ಎಲ್ಲರನ್ನೂ ನಗಿಸಲಿ ಅಂತ ಕಾಯಬೇಡಿ. ಅದು ಅವನ ಕೆಲಸ ಅಲ್ಲ. ಅವನಿಗೆ ಸುಸ್ತಾಗಿರುತ್ತೆ.

ಹಾಗಾಗಿ ನನಗೆ ಈಗ 'ಆನಂದ್'ನಲ್ಲಿ ಜಾಸ್ತಿ ಹಿಡಿಸುವುದು ಭಾಸ್ಕರ್. ಸಿಡುಕ, ನಗಲು ಬರದವನು, ಔಷಧಿ ಇಲ್ಲದ ಕಾಯಿಲೆ ಕಂಡರೆ ಅವನಿಗೆ ಸಿಟ್ಟು. ಆದರೂ ಆನಂದ್‌ನನ್ನು ತನ್ನ ಮನೆಯಲ್ಲೇ ಇಟ್ಟುಕೊಳ್ತಾನೆ. ನಮ್ಮಂಥವರು ಆ ಮನುಷ್ಯನನ್ನು ನೋಡಿ ಕಲಿಯಬೇಕು.

ಬೇರೆ ಸಿನಿಮಾಗಳ ಬಗ್ಗೆ ಕೇಳಿದಿರಿ. 2011ರ '50/50' ಅಂತ ಒಂದು ಇಂಗ್ಲಿಷ್ ಸಿನಿಮಾ ಇದೆ, ನನ್ನ ಪ್ರಕಾರ ನಿಜಕ್ಕೆ ತುಂಬ ಹತ್ತಿರ ಇರುವುದು ಅದೇ. ಅದನ್ನು ಬರೆದ ವಿಲ್ ರೈಸರ್‌ಗೆ ಸ್ವತಃ ಕ್ಯಾನ್ಸರ್ ಬಂದಿತ್ತು, ಆಗ ಜೊತೆಗಿದ್ದ ಗೆಳೆಯ ಸೇಥ್ ರೋಗನ್ ಸಿನಿಮಾದಲ್ಲೂ ಗೆಳೆಯನ ಪಾತ್ರ ಮಾಡಿದ್ದಾನೆ. ಆ ಗೆಳೆಯ ಪೋಲಿ ಮಾತಾಡ್ತಾ ಓಡಾಡ್ತಾನೆ, ಇವನಿಗೆ ಏನೂ ಗಂಭೀರ ಇಲ್ಲ ಅಂತ ನಮಗೆ ಅನ್ನಿಸುತ್ತಾ ಹೋಗುತ್ತೆ. ಆಮೇಲೆ ಅವನ ಬಚ್ಚಲಲ್ಲಿ ಒಂದು ಪುಸ್ತಕ ಸಿಗುತ್ತೆ, ಕ್ಯಾನ್ಸರ್ ಬಂದವರ ಜೊತೆ ಹೇಗಿರಬೇಕು ಅನ್ನುವ ಪುಸ್ತಕ, ಓದಿ ಗುರುತು ಹಾಕಿಟ್ಟಿರುವುದು. ಅಲ್ಲಿ ನನಗೆ ತಡೆದುಕೊಳ್ಳಲು ಆಗಲಿಲ್ಲ. ಅದರಲ್ಲಿ ಹುಡುಗ ಬದುಕಿ ಉಳಿಯುತ್ತಾನೆ, ನಿಮ್ಮ ಗೆಳೆಯನಿಗೆ ಅದು ನೋವು ಕೊಡಬಹುದು, ಆದ್ದರಿಂದ ಮೊದಲು ನೀವೊಬ್ಬರೇ ನೋಡಿ. 2007ರ 'ದಿ ಬಕೆಟ್ ಲಿಸ್ಟ್'ನಲ್ಲಿ ಆಸ್ಪತ್ರೆಯ ಮಾಲೀಕನೇ ಕಾಯಿಲೆ ಬಿದ್ದು, ಒಂದು ರೂಮಿಗೆ ಎರಡು ಹಾಸಿಗೆ ಅಂತ ತಾನೇ ಮಾಡಿದ ನಿಯಮದಿಂದ ಒಬ್ಬ ಮೆಕ್ಯಾನಿಕ್ ಪಕ್ಕ ಮಲಗಬೇಕಾಗುತ್ತೆ. ಆ ರೂಮಿನ ಭಾಗ ಬಹಳ ಚೆನ್ನಾಗಿದೆ. ಆಮೇಲೆ ವಿಮಾನ ಹತ್ತಿ ಊರೂರು ತಿರುಗುವುದಿದೆಯಲ್ಲ, ಔಷಧಿಗೆ ಒಡವೆ ಅಡ ಇಟ್ಟ ಮನೆಯವರಿಗೆ ಅದು ದೂರದ ಮಾತು.

ಕನ್ನಡದಲ್ಲಿ ಬೇಕಾದರೆ 2022ರ '777 ಚಾರ್ಲಿ'. ಅಲ್ಲಿ ಕಾಯಿಲೆ ನಾಯಿಗೆ. ಯಾರಿಗೂ ಬೇಡವಾದ ಹಾಗೆ ಒಬ್ಬನೇ ಬದುಕುವ ಧರ್ಮ, ಅವನ ಮನೆಗೆ ಬರುವ ಚಾರ್ಲಿ, ಅದಕ್ಕೆ ಹಿಮ ತೋರಿಸಲು ಅವನು ಗಾಡಿ ಕಟ್ಟಿಕೊಂಡು ದೇಶದ ಆ ತುದಿಗೆ ಹೋಗುವುದು. ಸಾವಿನ ವಿಷಯವನ್ನು ನೇರ ಮಾತಾಡಲು ಆಗದ ಮನೆಯಲ್ಲಿ ಇದು ಒಂದು ಬಾಗಿಲು ತೆಗೆಯಬಹುದು. ಬಳ್ಳಾರಿಯಲ್ಲಿ ಬೆಳೆದ ನಮಗೆ ತೆಲುಗು ಬೇರೆ ಭಾಷೆ ಅನ್ನಿಸಲ್ಲ, ನಮ್ಮಲ್ಲಿ ಕೆಲವರು 1989ರ 'ಗೀತಾಂಜಲಿ'ಯ ಹೆಸರನ್ನೂ ಹೇಳಿದರು, ಆದರೆ ಅದು ಪ್ರೀತಿಯ ಕತೆ, ನೀವು ಕೇಳಿದ್ದು ಗೆಳೆತನ ಅಲ್ವಾ.

ನೋಡುವ ರೀತಿಯ ಬಗ್ಗೆ ಒಂದೆರಡು ಮಾತು. ನೋವಿದ್ದಾಗ ಯಾವ ಸಿನಿಮಾವೂ ಹಿಡಿಸುವುದಿಲ್ಲ. ಡಾಕ್ಟರು ಕೊಟ್ಟ ನೋವಿನ ಮಾತ್ರೆ ತಗೊಂಡು ಒಂದು ಗಂಟೆ ಆದಮೇಲೆ ಹಾಕಿ. ಮಾತ್ರೆಯಲ್ಲೂ ನೋವು ಇಳಿಯುತ್ತಿಲ್ಲ ಅಂದರೆ ಸುಮ್ನೆ ಸಹಿಸಿಕೋ ಅನ್ನಬೇಡಿ. ನೋವು ಇಳಿಸಲೆಂದೇ ಡಾಕ್ಟರುಗಳಿದ್ದಾರೆ, ಮಾರ್ಫಿನ್ ಮಾತ್ರೆ ಇದೆ, ಅದು ಎಲ್ಲ ಮೆಡಿಕಲ್ ಶಾಪಿನಲ್ಲಿ ಸಿಗಲ್ಲ, ಕೇಳಿ ತಿಳಿದುಕೊಳ್ಳಿ. ಅರ್ಧ ಗಂಟೆ ನೋಡಿ, ನಿಲ್ಲಿಸಿ, ನಾಳೆ ಮತ್ತೆ ನೋಡಿ. ಮನೆ ತುಂಬ ಜನ ಬೇಡ.

ನಾವು 'ಆನಂದ್' ನೋಡಿದ್ದು ಬೆಂಗಳೂರಿನ ಧರ್ಮಶಾಲೆಯಲ್ಲಿ, ನನ್ನ ಫೋನಿನಲ್ಲಿ, ಒಂದು ಇಯರ್‌ಫೋನು ಇಬ್ಬರಿಗೆ ಹಂಚಿಕೊಂಡು. ಅದರಲ್ಲಿ ಆನಂದ್ ದಾರಿಯಲ್ಲಿ ಹೋಗುವ ಅಪರಿಚಿತರ ಬೆನ್ನಿಗೆ ಗುದ್ದಿ ಮುರಾರಿಲಾಲ್ ಅಂತ ಕರೆಯುತ್ತಾನೆ, ಸುಮ್ನೆ ಮಾತಾಡಲು ಒಬ್ಬ ಮನುಷ್ಯ ಸಿಗಲಿ ಅಂತ. ಹಾಸ್ಯನಟ ಜಾನಿ ವಾಕರ್ ಮಾತ್ರ ಹೌದಪ್ಪ ನಾನೇ ಅನ್ನುವವರ ಹಾಗೆ ತಿರುಗಿ, ಆನಂದ್‌ಗೂ ಒಂದು ಹೆಸರಿಟ್ಟು ಮಾತಾಡಿಸ್ತಾನೆ. ನನ್ನ ಗೆಳೆಯನಿಗೆ ಇದು ಹುಚ್ಚು ಹಿಡಿಸಿತು. ಬಳ್ಳಾರಿಗೆ ವಾಪಸ್ ಬಂದಮೇಲೆ ಒಂದು ಸಂಜೆ ರಾಯಲ್ ಸರ್ಕಲ್ ಹತ್ತಿರ ನಿಂತಿದ್ದೆವು, ಬಿಸಿಲು ಆಗತಾನೇ ಇಳಿದಿತ್ತು. ಅವನು ಒಬ್ಬರನ್ನು ತೋರಿಸಿ, ನನ್ನ ತೋಳು ಚಿವುಟಿ, ಕರಿ ಕರಿ ಅಂತ ಕೈ ಮಾಡಿದ. ನಾನು "ಏನಪಾ ಮುರಾರಿ, ಆರಾಮಾ?" ಅಂದೆ. ಆ ಮನುಷ್ಯ ತಿರುಗಿ, ಒಂದು ಕ್ಷಣ ನೋಡಿ, "ಆರಾಮ್ ಇದೀನಪ್ಪ, ನೀವು ಸಿರುಗುಪ್ಪದವರಲ್ಲ?" ಅಂತ ಹತ್ತಿರ ಬಂದು, ಚಹಾ ತರಿಸಿ, ಭತ್ತದ ರೇಟು, ಮಗಳ ಮದುವೆ ಎಲ್ಲ ಹೇಳಿದರು. ಗೆಳೆಯನ ಪೈಪು ನೋಡಿದರು, ಏನಾಯ್ತು ಅಂತ ಕೇಳಲಿಲ್ಲ. ಅವನ ಭುಜ ಕುಣಿಯುತ್ತಲೇ ಇತ್ತು.

ಕೊನೆಗೆ ಕಾಯಿಲೆ ಕುತ್ತಿಗೆಗೆ ಇಳಿದಿತ್ತು. ಡಾಕ್ಟರು ಮನೆಯಲ್ಲೇ ಇಟ್ಟುಕೊಳ್ಳಿ ಅಂದರು. ಒಂದು ಮಧ್ಯಾಹ್ನ ಪಾಟಿಯ ಮೇಲೆ ಆನಂದ್ ಅಂತ ಬರೆದು ತೋರಿಸಿದ. ಹಾಕಿದೆ. ಮುಗಿಯಲು ಇನ್ನು ಹತ್ತು ನಿಮಿಷ ಇರಬೇಕಾದರೆ ನನಗೆ ಭಯ ಆಯ್ತು, "ಬಂದ್ ಮಾಡ್ಲಾ?" ಅಂತ ಕೇಳಿದೆ. ಅವನು ಬಳಪ ತಗೊಂಡು ನಿಧಾನ ಬರೆದ: "ಕೊನೀದು ಗೊತ್ತೈತಿ. ಮುರಾರಿಲಾಲ್ ಇಂದ ಹಾಕು." ನಾನು ಹಿಂದಕ್ಕೆ ಎಳೆದು ಮತ್ತೆ ಅಲ್ಲಿಂದ ಹಾಕಿದೆ.