ಹತ್ತು ನಿಮಿಷಕ್ಕೇ ಬೇಜಾರಾದರೆ

ದಿನಾ ಬೆಳಗ್ಗೆ ಗಿಡಮರಗಳ ನಡುವೆ ಕೂತರೂ ಬೆರಗು ಹುಟ್ಟುತ್ತಿಲ್ಲ, ಹತ್ತು ನಿಮಿಷಕ್ಕೇ ಬೇಜಾರಾಗುತ್ತದೆ ಎಂದಿದ್ದೀರಿ. ಎಲ್ಲವನ್ನೂ ಒಟ್ಟಿಗೆ ನೋಡಹೊರಟರೆ ಹಾಗೇ ಆಗುವುದು. ನೋಟವನ್ನು ಒಂದು ಗೇಣು ಜಾಗಕ್ಕೆ ಇಳಿಸಿ.

ಬಿಸಿಲೇರುವ ಮೊದಲು ಹುಲ್ಲಿನ ಮುಂದೆ ಕೂತು ನೋಡಿ. ಎಸಳಿನ ಮೈತುಂಬಾ ಸಣ್ಣಗೆ ಹರಡಿರುವುದು ಇಬ್ಬನಿ. ತುದಿಯಲ್ಲಿ ದುಂಡಗೆ ನಿಂತ ದಪ್ಪ ಹನಿ ಬಹುಪಾಲು ಇಬ್ಬನಿಯಲ್ಲ. ಬೇರು ರಾತ್ರಿ ಹೀರಿದ ನೀರು ಆವಿಯಾಗಿ ಹೋಗಲು ದಾರಿಯಿಲ್ಲದೆ, ಬೇರಿನ ಒತ್ತಡಕ್ಕೆ ಹಾಗೆ ಹೊರಬಂದಿರುತ್ತದೆ. ಬೆರಳಿಂದ ಒರೆಸಿ ಕಾಯಿರಿ. ನೆಲ ಒದ್ದೆಯಿದ್ದು ಗಾಳಿಯಿಲ್ಲದಿದ್ದರೆ ಅಲ್ಲೇ ಇನ್ನೊಂದು ಮೂಡಬಹುದು. ಮಣ್ಣಿನೊಳಗಿನ ಕೆಲಸ ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದು ಅಪರೂಪ.

10 ಪಟ್ಟು ಹಿಗ್ಗಿಸುವ ಮಸೂರವಿದ್ದರೆ ಇನ್ನೂ ಚೆನ್ನ. ಹೆಚ್ಚಿನವರು ಅದನ್ನು ಹುಲ್ಲಿನ ಮೇಲೆ ಹಿಡಿದು ದೂರದಿಂದ ನೋಡುತ್ತಾರೆ, ಎಲ್ಲ ಮಸುಕು. ಮಸೂರ ಕಣ್ಣಿನ ಪಕ್ಕದಲ್ಲೇ ಇರಲಿ; ಮುಖ ಬಗ್ಗಿಸಿ ಎಸಳಿಗೆ ಸುಮಾರು 2.5 ಸೆಂ.ಮೀ. ಹತ್ತಿರ ಬನ್ನಿ. ಸೂರ್ಯನತ್ತ ಮಾತ್ರ ತಿರುಗಿಸಬೇಡಿ.

ಫೋನ್ ಜೇಬಿನಲ್ಲೇ ಇರಲಿ. ಫೋಟೊ ತೆಗೆದ ಕೂಡಲೇ ನೋಡಿಯಾಯಿತು ಅಂತ ಮನಸ್ಸು ಎದ್ದುಬಿಡುತ್ತದೆ. ಶಾಂತಿ ಸಿಕ್ಕಿತಾ ಎಂದು ನಡುನಡುವೆ ಪರೀಕ್ಷೆ ಮಾಡಿಕೊಳ್ಳುವುದೂ ಅಷ್ಟೇ ಕೆಟ್ಟದ್ದು.

ಒಣಹವೆಯಲ್ಲಿ ಹನಿ ಸಿಗುವುದಿಲ್ಲ. ಅಂಥ ದಿನ ಇರುವೆ ಸಾಲಿಗೆ ಅಡ್ಡಲಾಗಿ ಬೆರಳಾಡಿಸಿ: ವಾಸನೆಯ ಜಾಡು ಅಳಿದ ಜಾಗದಲ್ಲಿ ಇರುವೆಗಳು ತಡವರಿಸಿ, ಮತ್ತೆ ದಾರಿ ಹಿಡಿಯುವವರೆಗೂ ನೋಡಿ.