ಓದುಗರ ಪ್ರಶ್ನೆ, ವೈದ್ಯರ ಉತ್ತರ: ತೂಕದೊಳಗೆ ಏನಿದೆ?

ಕಳೆದ ಸಂಚಿಕೆಯಲ್ಲಿ ಮಧುಮೇಹದ ಕುರಿತು ಬರೆದ ಬಳಿಕ ಕಾಸರಗೋಡು, ಮಂಜೇಶ್ವರ ತಾಲೂಕುಗಳ ಓದುಗರಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ದೇಹದ ತೂಕಕ್ಕೆ ಸಂಬಂಧಿಸಿದ್ದವು. ಅವುಗಳಲ್ಲಿ ಐದನ್ನು ಆರಿಸಿಕೊಂಡಿದ್ದೇನೆ. ಬರೆದವರ ಹೆಸರುಗಳನ್ನು ಬೇಕೆಂದೇ ಬಿಟ್ಟಿದ್ದೇನೆ.

ಪ್ರಶ್ನೆ: ಕಾಲೇಜಿನಲ್ಲಿದ್ದಾಗ ಕಬಡ್ಡಿ ಆಡುತ್ತಿದ್ದೆ, ಆಮೇಲೆ ನಾಲ್ಕು ವರ್ಷ ಜಿಮ್‌ಗೂ ಹೋಗಿದ್ದೆ. ಈಗ ವಯಸ್ಸು 34, ಕುಳಿತು ಮಾಡುವ ಕೆಲಸ. ತೋಳು ಸಣಕಲಾಗಿದೆ, ಹೊಟ್ಟೆ ಬಂದಿದೆ. ಬೆಳೆಸಿದ ಮಾಂಸಖಂಡವೆಲ್ಲ ಕೊಬ್ಬಾಗಿ ಹೋಯಿತೆಂದು ಅಮ್ಮ ಹೇಳುತ್ತಾರೆ. ಅದೇ ಕಾರಣಕ್ಕೆ ತಮ್ಮನನ್ನು ಜಿಮ್‌ಗೆ ಸೇರಲು ಬಿಡುತ್ತಿಲ್ಲ. ಇದು ನಿಜವೇ? (ಪೆರ್ಲ)

ಉತ್ತರ: ಅಮ್ಮನ ಕಣ್ಣಿಗೆ ಕಂಡದ್ದು ಸುಳ್ಳಲ್ಲ, ಆದರೆ ಅದಕ್ಕೆ ಅವರು ಕೊಟ್ಟ ಕಾರಣ ಸರಿಯಲ್ಲ. ಮಾಂಸಖಂಡ ಕೊಬ್ಬಾಗುವುದಿಲ್ಲ, ಕೊಬ್ಬು ಮಾಂಸಖಂಡವೂ ಆಗುವುದಿಲ್ಲ. ತೋಟದಲ್ಲಿ ಅಡಿಕೆ ಮರಕ್ಕೆ ನೀರು, ಗೊಬ್ಬರ ನಿಲ್ಲಿಸಿದರೆ ಮರ ಸೊರಗುತ್ತದೆ. ಅದೇ ಹೊತ್ತಿಗೆ ಬುಡದಲ್ಲಿ ಕಾಡುಬಳ್ಳಿ ಹಬ್ಬುತ್ತದೆ. ಹಾಗೆಂದು ಮರವೇ ಬಳ್ಳಿಯಾಯಿತೆಂದು ಯಾರೂ ಹೇಳುವುದಿಲ್ಲ. ಮಾಂಸಖಂಡದ ಜೀವಕೋಶವು ಆಕ್ಟಿನ್, ಮಯೋಸಿನ್ ಎಂಬ ಪ್ರೋಟೀನಿನ ಎಳೆಗಳನ್ನು ಒತ್ತೊತ್ತಾಗಿ ಜೋಡಿಸಿಕೊಂಡಿರುವ ಉದ್ದನೆಯ ನಾರು. ಅದರ ಮುಕ್ಕಾಲು ಪಾಲು ನೀರು, ಸುಮಾರು ಐದನೆಯ ಒಂದು ಪಾಲು ಪ್ರೋಟೀನು. ಕೊಬ್ಬಿನ ಜೀವಕೋಶವಾದರೋ ಎಣ್ಣೆಯ ಒಂದು ದೊಡ್ಡ ಹನಿಯನ್ನು ತುಂಬಿಕೊಂಡ ಚೀಲ.

ಕೆಲಸ ಕೊಡದ ಮಾಂಸಖಂಡ ಕುಗ್ಗುತ್ತದೆ. ಕಬಡ್ಡಿ ಆಡುತ್ತಿದ್ದ ದಿನಗಳ ಊಟ ಮಾತ್ರ ಹಾಗೆಯೇ ಮುಂದುವರಿಯುತ್ತದೆ. ದೇಹದ ಒಂದು ಕಿಲೋ ಕೊಬ್ಬಿನಲ್ಲಿ ಸುಮಾರು 7,700 ಕ್ಯಾಲೊರಿ ಶೇಖರವಾಗಿರುತ್ತದೆ. ದಿನಕ್ಕೆ ಬರೀ 100 ಕ್ಯಾಲೊರಿ ಹೆಚ್ಚಾದರೂ ಕಾಗದದ ಮೇಲಿನ ಲೆಕ್ಕದಲ್ಲಿ ಎರಡೂವರೆ ತಿಂಗಳಿಗೆ ಒಂದು ಕಿಲೋ ಆಯಿತು. ದೇಹ ತನ್ನ ಖರ್ಚನ್ನು ಹೊಂದಿಸಿಕೊಳ್ಳುವುದರಿಂದ ಈ ಲೆಕ್ಕ ಅಷ್ಟು ನೇರವಾಗಿ ನಡೆಯುವುದಿಲ್ಲ, ಆದರೆ ಹೊಟ್ಟೆ ಬಂದ ದಾರಿ ಇದೇ. ಒಮ್ಮೆ ಪಳಗಿದ ಮಾಂಸಖಂಡವು ಮತ್ತೆ ವ್ಯಾಯಾಮ ಆರಂಭಿಸಿದಾಗ ಮೊದಲ ಸಲಕ್ಕಿಂತ ಬೇಗ ಚೇತರಿಸಿಕೊಳ್ಳುತ್ತದೆ ಎಂಬುದು ನಿಮಗೆ ಸಮಾಧಾನದ ಸಂಗತಿ. ತಮ್ಮನನ್ನು ಸೇರಲು ಬಿಡಿ, ಸಾಧ್ಯವಾದರೆ ನೀವೂ ಅವನ ಜೊತೆ ಹೋಗಿ.

ಪ್ರಶ್ನೆ: ನನಗೆ 46 ವರ್ಷ. ಎರಡು ತಿಂಗಳಿನಿಂದ ದಿನಾಲೂ ಮುಕ್ಕಾಲು ಗಂಟೆ ನಡೆಯುತ್ತೇನೆ, ವಾರಕ್ಕೆ ಮೂರು ದಿನ ಭಾರ ಎತ್ತುವ ವ್ಯಾಯಾಮವನ್ನೂ ಮಾಡುತ್ತೇನೆ. ರವಿಕೆ ಸಡಿಲವಾಗಿದೆ, ಆದರೆ ತೂಕ ಇಳಿದದ್ದು ಒಂದೇ ಕಿಲೋ. ಕೊಬ್ಬಿಗಿಂತ ಮಾಂಸಖಂಡಕ್ಕೆ ತೂಕ ಹೆಚ್ಚು, ಮತ್ತು ಮಾಂಸಖಂಡ ಬೆಳೆದರೆ ಮಲಗಿದ್ದಾಗಲೂ ಕೊಬ್ಬು ಕರಗುತ್ತದೆ ಎಂದು ಕಲಿಸುವವರು ಹೇಳುತ್ತಾರೆ. (ನೀರ್ಚಾಲು)

ಉತ್ತರ: ಒಂದು ಕಿಲೋ ಕೊಬ್ಬು, ಒಂದು ಕಿಲೋ ಮಾಂಸಖಂಡ, ಎರಡೂ ಒಂದು ಕಿಲೋವೇ. ವ್ಯತ್ಯಾಸ ಇರುವುದು ಅವು ಹಿಡಿಯುವ ಜಾಗದಲ್ಲಿ. ನಿಮ್ಮ ಅಡುಗೆಮನೆಯಲ್ಲಿರುವ ಒಂದು ಲೀಟರಿನ ಎಣ್ಣೆಯ ಪ್ಯಾಕೆಟನ್ನು ತಿರುಗಿಸಿ ನೋಡಿ; ಲೀಟರಿನ ಪಕ್ಕದಲ್ಲಿ ಸುಮಾರು 910 ಗ್ರಾಂ ಎಂದು ಅಚ್ಚಾಗಿರುತ್ತದೆ. ನೀರಿಗಿಂತ ಹಗುರವಾದುದರಿಂದಲೇ ಸಾರಿನ ಮೇಲೆ ಎಣ್ಣೆ ತೇಲುತ್ತದೆ. ದೇಹದ ಕೊಬ್ಬೂ ಹೀಗೆಯೇ, ಲೀಟರಿಗೆ ಸುಮಾರು 900 ಗ್ರಾಂ ತೂಗುತ್ತದೆ. ಅಷ್ಟೇ ಗಾತ್ರದ ಮಾಂಸಖಂಡ ಸುಮಾರು 1,060 ಗ್ರಾಂ ತೂಗುತ್ತದೆ. ಐದು ಕಿಲೋ ಕೊಬ್ಬಿಗೆ ಐದೂವರೆ ಲೀಟರಿನಷ್ಟು ಜಾಗ ಬೇಕಾದರೆ ಐದು ಕಿಲೋ ಮಾಂಸಖಂಡಕ್ಕೆ ಐದಕ್ಕಿಂತ ತುಸು ಕಡಿಮೆ ಸಾಕು. ಮೊಬೈಲಿನಲ್ಲಿ ಹರಿದಾಡುವ ಚಿತ್ರಗಳಲ್ಲಿ ಕೊಬ್ಬನ್ನು ಹಲಸಿನಕಾಯಿಯಷ್ಟು, ಅದೇ ತೂಕದ ಮಾಂಸಖಂಡವನ್ನು ಮುಷ್ಟಿಯಷ್ಟು ತೋರಿಸುತ್ತಾರೆ, ಅದು ಉತ್ಪ್ರೇಕ್ಷೆ.

ಎರಡೇ ತಿಂಗಳಲ್ಲಿ ನಿಮಗೆ ಹಲವು ಕಿಲೋ ಮಾಂಸಖಂಡ ಬೆಳೆದಿದೆ ಎಂದು ಹೇಳಿ ನಿಮ್ಮನ್ನು ಖುಷಿಪಡಿಸಲಾರೆ, ಆ ವೇಗದಲ್ಲಿ ಅದು ಬೆಳೆಯುವುದಿಲ್ಲ. ಸ್ವಲ್ಪ ಕೊಬ್ಬು ಹೋಗಿದೆ, ಸ್ವಲ್ಪ ಮಾಂಸಖಂಡ ಬಂದಿದೆ, ಜೊತೆಗೆ ಹೊಸದಾಗಿ ದುಡಿಯತೊಡಗಿದ ಮಾಂಸಖಂಡಗಳು ಗ್ಲೈಕೋಜನ್ ಎಂಬ ಪಿಷ್ಟವನ್ನೂ ಅದರೊಂದಿಗೆ ಗ್ರಾಮಿಗೆ ಸುಮಾರು ಮೂರು ಗ್ರಾಂ ನೀರನ್ನೂ ಹಿಡಿದಿಟ್ಟುಕೊಂಡಿವೆ. ರಾತ್ರಿ ಉಪ್ಪುಸೊಳೆಯ ಪಲ್ಯ ತಿಂದ ಮರುದಿನ ತೂಕ ಒಂದು ಕಿಲೋ ಏರಿದ್ದರೆ ಅದು ಉಪ್ಪು ಹಿಡಿದಿಟ್ಟ ನೀರು, ಹೆದರಬೇಕಾಗಿಲ್ಲ. ವಾರಕ್ಕೊಮ್ಮೆ, ಬೆಳಿಗ್ಗೆ ಶೌಚದ ನಂತರ, ಚಹಾಕ್ಕೆ ಮೊದಲು ತೂಕ ನೋಡಿ. ನಿಮ್ಮ ರವಿಕೆ ಹೇಳುತ್ತಿರುವುದನ್ನು ನಂಬಿ.

ಮಲಗಿದ್ದಾಗ ಕೊಬ್ಬು ಕರಗುವ ಮಾತಿಗೆ ಬಂದರೆ, ವಿಶ್ರಾಂತಿಯಲ್ಲಿರುವ ಒಂದು ಕಿಲೋ ಮಾಂಸಖಂಡ ದಿನಕ್ಕೆ ಸುಮಾರು 13 ಕ್ಯಾಲೊರಿ ಬಳಸುತ್ತದೆ, ಒಂದು ಕಿಲೋ ಕೊಬ್ಬು ನಾಲ್ಕೂವರೆ. ವ್ಯತ್ಯಾಸ ಅರ್ಧ ಚಮಚ ಸಕ್ಕರೆಯಷ್ಟು. ಮಾಂಸಖಂಡ ಬೇಕಾಗಿರುವುದು ಬೇರೆ ಕಾರಣಗಳಿಗೆ, ಅದನ್ನು ಕೊನೆಯ ಪತ್ರದ ಉತ್ತರದಲ್ಲಿ ಹೇಳುತ್ತೇನೆ.

ಪ್ರಶ್ನೆ: ಹೊಟ್ಟೆ ಕರಗಿಸಲು ದಿನಕ್ಕೆ ನೂರು ಸಿಟ್-ಅಪ್ ಮಾಡುತ್ತೇನೆ. ಬೆವರು ಹೆಚ್ಚು ಬರಲೆಂದು ಪ್ಲಾಸ್ಟಿಕ್ ಜಾಕೆಟ್ ತೊಟ್ಟು ಓಡುತ್ತೇನೆ. ಓಡಿ ಬಂದ ಕೂಡಲೇ ಒಂದು ಕಿಲೋ ಕಡಿಮೆ ತೋರಿಸುತ್ತದೆ. (ಉಪ್ಪಳ)

ಉತ್ತರ: ಹಣ್ಣಡಿಕೆಯನ್ನು ಅಂಗಳದಲ್ಲಿ ಒಣಹಾಕಿದಾಗ ತೂಕ ಇಳಿಯುವುದು ನೀರು ಆರುವುದರಿಂದ ಎಂಬುದು ನಮ್ಮೂರಿನ ಮಕ್ಕಳಿಗೂ ಗೊತ್ತು. ನಿಮ್ಮ ಒಂದು ಕಿಲೋ ಕೂಡ ಅದೇ, ಎರಡು ಚೊಂಬು ನೀರು ಕುಡಿದರೆ ಮರಳಿ ಬರುತ್ತದೆ. ಕರಾವಳಿಯ ಸೆಕೆಯಲ್ಲಿ ಪ್ಲಾಸ್ಟಿಕ್ ಹೊದ್ದು ಓಡುವುದು ಅಪಾಯ, ಇಂದೇ ನಿಲ್ಲಿಸಿ. ಕರಗಿದ ಕೊಬ್ಬು ಹೆಚ್ಚಾಗಿ ಹೊರಹೋಗುವುದು ಉಸಿರಿನಲ್ಲಿ: ಹತ್ತು ಕಿಲೋ ಕೊಬ್ಬು ಪೂರ್ತಿ ಉರಿದರೆ 8.4 ಕಿಲೋ ಇಂಗಾಲದ ಡೈಆಕ್ಸೈಡ್ ಆಗಿಯೂ 1.6 ಕಿಲೋ ನೀರಾಗಿಯೂ ಹೋಗುತ್ತದೆ ಎಂದು ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು 2014ರಲ್ಲಿ ಲೆಕ್ಕ ಹಾಕಿ ತೋರಿಸಿದ್ದಾರೆ. ಸಿಟ್-ಅಪ್‌ನಿಂದ ಹೊಟ್ಟೆಯ ಮಾಂಸಖಂಡ ಗಟ್ಟಿಯಾಗುತ್ತದೆ, ಅದರ ಮೇಲಿನ ಕೊಬ್ಬು ಅಲ್ಲಿಂದಲೇ ಕರಗಬೇಕೆಂಬ ನಿಯಮವಿಲ್ಲ. ಕೊಬ್ಬನ್ನು ಎಲ್ಲಿಂದ ತೆಗೆಯಬೇಕೆಂದು ದೇಹವೇ ನಿರ್ಧರಿಸುತ್ತದೆ.

ಪ್ರಶ್ನೆ: ನನಗೆ 41 ವರ್ಷ, ಎತ್ತರ 168 ಸೆಂಟಿಮೀಟರ್, ತೂಕ 62 ಕಿಲೋ. ಎಲ್ಲರೂ ನನ್ನನ್ನು ಸಪೂರ ಎನ್ನುತ್ತಾರೆ. ಆದರೂ ರಕ್ತಪರೀಕ್ಷೆಯಲ್ಲಿ ಮಧುಮೇಹ ಬಂದಿದೆ. ದಪ್ಪ ಇಲ್ಲದವನಿಗೆ ಇದು ಹೇಗೆ ಬಂತು? ಪರೀಕ್ಷೆ ತಪ್ಪಿರಬಹುದೇ? (ಕುಂಬಳೆ)

ಉತ್ತರ: ಪರೀಕ್ಷೆಯನ್ನು ಇನ್ನೊಮ್ಮೆ ಮಾಡಿಸಿ ಖಚಿತಪಡಿಸಿಕೊಳ್ಳುವುದು ಸರಿಯಾದ ಕ್ರಮ. ಆದರೆ ಸಪೂರ ಇರುವವರಿಗೆ ಮಧುಮೇಹ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಜನರಿಗೆ ಮಾಡಿರುವ ಹಾನಿ ದೊಡ್ಡದು, ಆದುದರಿಂದ ಇದಕ್ಕೆ ಸ್ವಲ್ಪ ವಿವರವಾಗಿ ಉತ್ತರಿಸುತ್ತೇನೆ.

ತೂಕವನ್ನು ಮೀಟರಿನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಬರುವುದು ಬಿಎಂಐ, ನಿಮ್ಮದು 22. ಈ ಸೂತ್ರವನ್ನು 19ನೆಯ ಶತಮಾನದಲ್ಲಿ ಕೊಟ್ಟವರು ಬೆಲ್ಜಿಯಂನ ಗಣಿತಜ್ಞ ಅಡಾಲ್ಫ್ ಕ್ವೆಟ್ಲೆ. ಅವರು ವೈದ್ಯರಾಗಿರಲಿಲ್ಲ, ಅವರಿಗೆ ಬೇಕಾಗಿದ್ದುದು ಜನಸಮೂಹದ ಸರಾಸರಿ. ಬಿಎಂಐ ಎಂಬ ಹೆಸರನ್ನು ಅಮೆರಿಕದ ಆನ್ಸೆಲ್ ಕೀಸ್ ಕೊಟ್ಟದ್ದು 1972ರಲ್ಲಿ. ಆ ತೂಕದಲ್ಲಿ ಎಷ್ಟು ಮಾಂಸ, ಎಷ್ಟು ಕೊಬ್ಬು, ಕೊಬ್ಬು ಎಲ್ಲಿದೆ ಎಂಬುದನ್ನು ಈ ಸಂಖ್ಯೆ ಹೇಳಲಾರದು. ಪುಣೆಯ ಮಧುಮೇಹ ತಜ್ಞ ಡಾ. ಸಿ. ಎಸ್. ಯಾಜ್ಞಿಕ್ ಮತ್ತು ಲಂಡನ್ನಿನ ಜಾನ್ ಯುಡ್ಕಿನ್ 2004ರಲ್ಲಿ 'ಲ್ಯಾನ್ಸೆಟ್' ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತಮ್ಮಿಬ್ಬರ ಚಿತ್ರವನ್ನೇ ಅಕ್ಕಪಕ್ಕದಲ್ಲಿ ಪ್ರಕಟಿಸಿದರು. ಇಬ್ಬರ ಬಿಎಂಐ ಕೂಡ 22.3, ನಿಮ್ಮದಕ್ಕೆ ಬಹಳ ಹತ್ತಿರ. ಯಂತ್ರದಲ್ಲಿ ಅಳೆದಾಗ ಯುಡ್ಕಿನ್ನರ ದೇಹದಲ್ಲಿ ಶೇಕಡಾ 9.1 ಕೊಬ್ಬು ಇತ್ತು, ಯಾಜ್ಞಿಕರಲ್ಲಿ ಶೇಕಡಾ 21.2. ಅಷ್ಟೇ ತೂಕದಲ್ಲಿ ಹೆಚ್ಚು ಕೊಬ್ಬು, ಕಡಿಮೆ ಮಾಂಸಖಂಡ ಇರುವುದು ನಮ್ಮವರಲ್ಲಿ ಹುಟ್ಟಿನಿಂದಲೇ ಇರುವ ಒಲವು ಎಂಬುದನ್ನು ಪುಣೆಯ ಹಳ್ಳಿಗಳ ಶಿಶುಗಳ ಅಧ್ಯಯನ ತೋರಿಸಿದೆ: ಅಲ್ಲಿನ ಶಿಶುಗಳ ಸರಾಸರಿ ತೂಕ 2.7 ಕಿಲೋ, ಇಂಗ್ಲೆಂಡಿನ ಶಿಶುಗಳದು 3.5 ಕಿಲೋ, ನಮ್ಮ ಶಿಶುಗಳಲ್ಲಿ ಕೊರತೆ ಹೆಚ್ಚಾಗಿ ಬಿದ್ದದ್ದು ಮಾಂಸಖಂಡಕ್ಕೆ, ಚರ್ಮದಡಿಯ ಕೊಬ್ಬು ಬಹುಮಟ್ಟಿಗೆ ಉಳಿದುಕೊಂಡಿತ್ತು.

ಊಟದ ನಂತರ ರಕ್ತಕ್ಕೆ ಬಂದ ಸಕ್ಕರೆಯ ದೊಡ್ಡ ಪಾಲನ್ನು ಹೀರಿಕೊಳ್ಳುವುದು ಮಾಂಸಖಂಡ. ಅದು ಕಡಿಮೆ ಇದ್ದು, ಕರುಳು ಮತ್ತು ಯಕೃತ್ತಿನ ಸುತ್ತ ಕೊಬ್ಬು ಸೇರಿಕೊಂಡರೆ ಇನ್ಸುಲಿನ್ ತನ್ನ ಕೆಲಸ ಮಾಡಲು ಹೆಣಗಬೇಕಾಗುತ್ತದೆ. ಈ ಒಳಗಿನ ಕೊಬ್ಬನ್ನು ಅಂದಾಜು ಮಾಡಲು ಟೇಪು ಸಾಕು. ಭಾರತೀಯ ಗಂಡಸರಿಗೆ ಸೊಂಟದ ಸುತ್ತಳತೆ 90 ಸೆಂಟಿಮೀಟರ್, ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರದು. ಬಿಎಂಐ ಕೂಡ ನಮಗೆ 25ರ ಬದಲು 23ಕ್ಕೇ ಎಚ್ಚರಿಕೆಯ ಗಂಟೆ. ಅಳೆಯುವಾಗ ಒಂದು ತಪ್ಪು ಎಲ್ಲರೂ ಮಾಡುತ್ತಾರೆ. ಮುಂಡು ಅಥವಾ ಪ್ಯಾಂಟು ಹೊಟ್ಟೆಯ ಕೆಳಗೆ ಇಳಿದಿರುತ್ತದೆ, ಪ್ಯಾಂಟಿನ ಅಳತೆ 32 ಇಂಚು ಎಂದು ಹೇಳಿ ಸುಮ್ಮನಾಗುತ್ತಾರೆ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುವೆ ಟೇಪು ಸುತ್ತಿ, ಹೊಟ್ಟೆ ಒಳಗೆಳೆಯದೆ, ಉಸಿರು ಸಹಜವಾಗಿ ಬಿಟ್ಟ ಕ್ಷಣದಲ್ಲಿ ನೋಡಬೇಕು.

ಇನ್ನೊಂದು ಮಾತು. ಮೇದೋಜೀರಕ ಗ್ರಂಥಿಯಲ್ಲಿ ಕಲ್ಲುಗಟ್ಟಿ ಬರುವ ಮಧುಮೇಹ ಕೇರಳದಲ್ಲಿ ಬಹಳ ಕಾಲದಿಂದ ಗೊತ್ತಿರುವ ಕಾಯಿಲೆ, ಅದು ಬರುವುದೂ ಸಪೂರ ಇರುವವರಿಗೆ. ಆದುದರಿಂದ ನಿಮ್ಮದು ಯಾವ ಬಗೆಯದೆಂದು ವೈದ್ಯರು ನಿರ್ಧರಿಸುವ ತನಕ ಯಾರದೋ ಮಾತು ಕೇಳಿ ಊಟ ಬಿಟ್ಟು ತೂಕ ಇಳಿಸಲು ಹೋಗಬೇಡಿ.

ಪ್ರಶ್ನೆ: ಅಮ್ಮನಿಗೆ 72 ವರ್ಷ, ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಒಂದು ವರ್ಷದಲ್ಲಿ ತೂಕ 54 ಕಿಲೋದಿಂದ 48ಕ್ಕೆ ಇಳಿದಿದೆ. ಬೆಳಿಗ್ಗೆ ಮತ್ತು ರಾತ್ರಿ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ. ಮಧ್ಯಾಹ್ನ ಸ್ವಲ್ಪ ಅನ್ನ, ಸಾರು. ತೂಕ ಇಳಿದದ್ದು ಒಳ್ಳೆಯದೇ ಆಯಿತೆಂದು ದೊಡ್ಡಮ್ಮ, ಅತ್ತೆ ಎಲ್ಲರೂ ಹೇಳುತ್ತಾರೆ. ಆದರೆ ನೆಲದಲ್ಲಿ ಕುಳಿತರೆ ಏಳಲಾಗುವುದಿಲ್ಲ, ಬಚ್ಚಲಿಗೆ ಹೋಗುವಾಗ ಗೋಡೆ ಹಿಡಿಯುತ್ತಾರೆ. (ಮುಳ್ಳೇರಿಯ)

ಉತ್ತರ: ಈ ತಿಂಗಳು ಬಂದ ಪತ್ರಗಳಲ್ಲಿ ನನ್ನನ್ನು ಅತ್ಯಂತ ಚಿಂತೆಗೆ ಹಚ್ಚಿದ್ದು ನಿಮ್ಮದು. ಪ್ರಯತ್ನವಿಲ್ಲದೆ ಆರರಿಂದ ಹನ್ನೆರಡು ತಿಂಗಳಲ್ಲಿ ತೂಕದ ಶೇಕಡಾ 5 ಇಳಿದರೆ ಕಾರಣ ಹುಡುಕಲೇಬೇಕು. ನಿಮ್ಮ ಅಮ್ಮನದು ಶೇಕಡಾ 11. ಹತೋಟಿ ತಪ್ಪಿದ ಸಕ್ಕರೆ, ಥೈರಾಯ್ಡ್, ಕ್ಷಯ, ಕ್ಯಾನ್ಸರ್, ಹಲ್ಲಿನ ತೊಂದರೆ, ಮನಸ್ಸಿನ ಬೇಸರ, ಯಾವುದೂ ಆಗಿರಬಹುದು. ಈ ವಾರವೇ ವೈದ್ಯರಲ್ಲಿಗೆ ಕರೆದುಕೊಂಡು ಹೋಗಿ.

ಹಿರಿಯರು ಪರೀಕ್ಷೆ ಮುಗಿಸಿ ಏಳುವಾಗ ನಾನು ಅವರ ಕೈಗಳನ್ನು ನೋಡುತ್ತೇನೆ. ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದು ಮೇಜಿನ ಅಂಚಿನಲ್ಲಿ, ಮೊದಲ ಸಲ ಅರ್ಧ ಎದ್ದು ಮತ್ತೆ ಕುಳಿತು, ಎರಡನೆಯ ಸಲಕ್ಕೆ ಏಳುತ್ತಾರೆ. ತೊಡೆಯ ಮಾಂಸಖಂಡ ಸವೆದಿದೆ ಎಂಬುದು ತೂಕದ ಯಂತ್ರಕ್ಕಿಂತ ಮೊದಲು ಅಲ್ಲಿ ಕಾಣುತ್ತದೆ. ಮೂವತ್ತರ ನಂತರ ದಶಕಕ್ಕೆ ಶೇಕಡಾ 3ರಿಂದ 8ರಷ್ಟು ಮಾಂಸಖಂಡ ನಷ್ಟವಾಗುತ್ತದೆ, ಅರವತ್ತರ ನಂತರ ಇನ್ನೂ ಬೇಗ. 1989ರಲ್ಲಿ ಅಮೆರಿಕದ ಇರ್ವಿನ್ ರೋಸೆನ್‌ಬರ್ಗ್ ಇದಕ್ಕೆ ಸಾರ್ಕೊಪೀನಿಯಾ ಎಂಬ ಹೆಸರಿಟ್ಟರು. ಅಮ್ಮ ಕಳೆದುಕೊಂಡ ಆರು ಕಿಲೋದಲ್ಲಿ ಮಾಂಸಖಂಡದ ಪಾಲು ದೊಡ್ಡದಿರಬೇಕೆಂದು ನನಗನಿಸುತ್ತದೆ, ಏಕೆಂದರೆ ಅವರ ತಟ್ಟೆಯಲ್ಲಿ ಪ್ರೋಟೀನು ಇಲ್ಲವೆಂಬಷ್ಟು ಕಡಿಮೆ.

ಈ ವಯಸ್ಸಿಗೆ ಕಿಲೋ ತೂಕಕ್ಕೆ ದಿನಕ್ಕೆ 1ರಿಂದ 1.2 ಗ್ರಾಂ ಪ್ರೋಟೀನು ಬೇಕು, ಅಂದರೆ ಅಮ್ಮನಿಗೆ ಸುಮಾರು 50ರಿಂದ 55 ಗ್ರಾಂ. ಮೊಟ್ಟೆಯೊಂದರಲ್ಲಿ ಆರು ಗ್ರಾಂ, 100 ಗ್ರಾಂ ಬಂಗುಡೆಯಲ್ಲಿ ಸುಮಾರು 19, 100 ಗ್ರಾಂ ಹೆಸರು ಅಥವಾ ಹುರುಳಿ ಕಾಳಿನಲ್ಲಿ ಸುಮಾರು 22 ಇರುತ್ತದೆ. ನಮ್ಮ ಮನೆಗಳಲ್ಲಿ ಹುರುಳಿ ಬೇಯಿಸಿದ ನೀರಿನಿಂದ ಸಾರು ಮಾಡಿ, ಕಾಳನ್ನು ದನಕ್ಕೆ ಹಾಕುವ ರೂಢಿಯಿತ್ತು. ಪ್ರೋಟೀನಿನ ಬಹುಪಾಲು ಹೋಗುತ್ತಿದ್ದುದು ಹಟ್ಟಿಗೆ. ಕಾಳನ್ನು ಅರೆದು ಗಂಜಿಯ ಜೊತೆ ಕೊಡಿ, ಮೊಸರು ಹೆಚ್ಚಿಸಿ. ಹದಿನೈದು ವರ್ಷಗಳ ಮಧುಮೇಹ ಇರುವುದರಿಂದ ಇದನ್ನು ಆರಂಭಿಸುವ ಮೊದಲು ಮೂತ್ರಪಿಂಡದ ಪರೀಕ್ಷೆ ಕಡ್ಡಾಯ. ಮೂತ್ರಪಿಂಡ ಹೊರಹಾಕಬೇಕಾದ ಕ್ರಿಯಾಟಿನಿನ್ ಎಂಬ ಕಲ್ಮಶ ರಕ್ತದಲ್ಲಿ ಹೆಚ್ಚಿದ್ದರೆ ಪ್ರೋಟೀನಿನ ಪ್ರಮಾಣವನ್ನು ವೈದ್ಯರೇ ಹೇಳಬೇಕು.

ತಿಂದದ್ದು ಮಾಂಸಖಂಡಕ್ಕೆ ಸೇರಬೇಕಾದರೆ ಅದಕ್ಕೆ ಕೆಲಸ ಕೊಡಬೇಕು. ವಯಸ್ಸಾಯಿತು, ಇನ್ನೇನು ಎಂದು ಹೇಳುವವರಿಗೆ ಬಾಸ್ಟನ್ನಿನ ವೃದ್ಧಾಶ್ರಮವೊಂದರಲ್ಲಿ ನಡೆದು 1990ರಲ್ಲಿ ಪ್ರಕಟವಾದ ಅಧ್ಯಯನವನ್ನು ಹೇಳಿ: ಸರಾಸರಿ 90 ವರ್ಷದ ಹತ್ತು ಮಂದಿ ಎಂಟು ವಾರ ಕಾಲಿಗೆ ಭಾರ ಕಟ್ಟಿ ವ್ಯಾಯಾಮ ಮಾಡಲು ಮುಂದೆ ಬಂದರು; ಪೂರ್ಣಗೊಳಿಸಿದ ಒಂಬತ್ತು ಮಂದಿಯ ಕಾಲಿನ ಬಲ ಸರಾಸರಿ ಶೇಕಡಾ 174 ಹೆಚ್ಚಿತು, ತೊಡೆಯ ಮಾಂಸಖಂಡ ಶೇಕಡಾ 9 ಬೆಳೆಯಿತು.

ವೈದ್ಯರು ಒಪ್ಪಿದ ಮೇಲೆ, ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯಿಂದ ಆರಂಭಿಸಿ. ಎರಡೂ ಕೈಗಳನ್ನು ಎದೆಯ ಮೇಲೆ ಮಡಚಿ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ಬಲ ಕುಂದಿದೆ ಎಂದು ಅರ್ಥ. ಅಮ್ಮನಿಗೆ ಮೊದಲು ಒಂದು ಸಲವೂ ಆಗದಿರಬಹುದು. ಆಗ ಕುರ್ಚಿಯ ಮೇಲೆ ಎರಡು ದಿಂಬು ಹಾಕಿ ಎತ್ತರಿಸಿ, ನೀವು ಎದುರಿಗೆ ನಿಂತು ಕೈ ಹಿಡಿಯಿರಿ. ವಾರ ಕಳೆದ ಮೇಲೆ ಒಂದು ದಿಂಬು ತೆಗೆಯಿರಿ. ದಿನಕ್ಕೆ ಎಷ್ಟು ಸಲ ಎದ್ದರೆಂಬುದನ್ನು ಅಡುಗೆಮನೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಅಮ್ಮನ ಕೈಯಿಂದಲೇ ಬರೆಸಿ, ಎರಡು ತಿಂಗಳ ನಂತರ ಆ ಹಾಳೆಯನ್ನು ವೈದ್ಯರಿಗೆ ತೋರಿಸಿ. ನನಗೂ ಒಂದು ಸಾಲು ಬರೆಯಿರಿ.